283 ವಿ8, ರಾಚೆಸ್ಟರ್ 2ಜಿಸಿ: ಬಿಸಿಯಾದ್ಮೇಲೆ ಸ್ಟಾರ್ಟ್ ಕಷ್ಟ, ಪಿಕಪ್‌ನಲ್ಲಿ ಮುಗ್ಗರಿಸ್ತದೆ. ಜೆಟ್ ದೊಡ್ಡದು ಮಾಡಿಸ್ಲಾ?

ಕೌಲ್‌ಬಜಾರ್_283 (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಗಾಡಿ 1961ರ ಶೆವರ್ಲೆ ಇಂಪಾಲ. 283 ಕ್ಯೂಬಿಕ್ ಇಂಚಿನ ವಿ8, ಅಂದ್ರೆ 4.6 ಲೀಟರ್, ಪವರ್‌ಗ್ಲೈಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮೇಲಿರೋದು ಎರಡು ಬಾಯಿಯ ರಾಚೆಸ್ಟರ್ 2ಜಿಸಿ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ).

ತೊಂದರೆ ಒಂದಲ್ಲ, ನಾಲ್ಕು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗ್ತದೆ. ಆದ್ರೆ ಮುಕ್ಕಾಲು ಗಂಟೆ ಓಡಿಸಿ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಸಿದ್ರೆ ಸೆಲ್ಫ್ ಹೊಡೆದೂ ಹೊಡೆದೂ ಸಾಕಾಗ್ತದೆ. ಪೆಟ್ರೋಲ್ ವಾಸನೆ ಬರ್ತದೆ, ಆಮೇಲೆ ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆಗ್ತದೆ. ಎರಡನೇದು, ನಿಂತಲ್ಲಿಂದ ಪೆಡಲ್ ಒತ್ತಿದ್ರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೀತದೆ. ಮೂರನೇದು, ಐಡ್ಲಿಂಗ್‌ನಲ್ಲಿ ಇಡೀ ಎಂಜಿನ್ ನಡುಗ್ತದೆ. ಎರಡು ಮಿಕ್ಸ್ಚರ್ ಸ್ಕ್ರೂಗಳಲ್ಲಿ ಒಂದನ್ನ ತಿರುಗಿಸಿದ್ರೆ ಎಂಜಿನ್ ಕೇಳ್ತದೆ, ಇನ್ನೊಂದನ್ನ ಪೂರ್ತಿ ಮುಚ್ಚಿದ್ರೂ ಏನೂ ವ್ಯತ್ಯಾಸ ಇಲ್ಲ. ನಾಲ್ಕನೇದು, ಹೊಸಪೇಟೆ ರೋಡಲ್ಲಿ 70–80 ವೇಗದಲ್ಲಿ ಪೆಡಲ್ ಒಂದೇ ಸಮ ಹಿಡಿದ್ರೂ ಗಾಡಿ ಹಿಂದೆ ಮುಂದೆ ಜಗ್ಗಿದ ಹಾಗೆ ಆಗ್ತದೆ.

ಈವರೆಗೆ ನೋಡಿದ್ದು: ಪಾಯಿಂಟ್ ಗ್ಯಾಪ್ 0.016 ಇಂಚು, ಪ್ಲಗ್ 0.035, ಟೈಮಿಂಗ್ 4 ಡಿಗ್ರಿ ಮುಂಚೆ. ಕಂಪ್ರೆಷನ್ ಎಂಟೂ ಸಿಲಿಂಡರ್‌ನಲ್ಲಿ 145ರಿಂದ 155 ಪಿಎಸ್‌ಐ (ಒತ್ತಡದ ಅಳತೆ) ಒಳಗೆ. ವ್ಯಾಕ್ಯೂಮ್ ಗೇಜ್ ಮುಳ್ಳು 14–15 ಇಂಚು ಪಾದರಸದ ನಡುವೆ ಅಲುಗಾಡ್ತದೆ. ಪ್ಲಗ್ ಬಿಚ್ಚಿ ಸಾಲಾಗಿಟ್ಟು ನೋಡಿದೆ: 1, 4, 6, 7 ಸುಣ್ಣ ಹಚ್ಚಿದ ಹಾಗೆ ಬಿಳಿ, 2, 3, 5, 8 ತಿಳಿ ಕಂದು.

ಒಬ್ಬ ಮೆಕ್ಯಾನಿಕ್ ಜೆಟ್‌ಗೆ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಹಿತ್ತಾಳೆ ತುಂಡು) ಡ್ರಿಲ್ ಹಾಕಿ ದೊಡ್ಡದು ಮಾಡೋಣ ಅಂತಾರೆ. ಇನ್ನೊಬ್ಬರು ಇದನ್ನ ತೆಗೆದು ನಾಲ್ಕು ಬಾಯಿಯದು ಹಾಕಿ ಅಂತಾರೆ. ಯಾವುದು ಸರಿ?

---

ರಾಯಚೂರು_ವೆಂಚುರಿ:

ಅಣ್ಣಾರ, ಎರಡೂ ಬ್ಯಾಡ್ರಿ. ಉತ್ತರ ನಿಮ್ಮ ಪ್ಲಗ್ ಸಾಲಿನಾಗೇ ಅದ.

ಈ ಎಂಜಿನ್‌ದು ಸಿಲಿಂಡರ್‌ಗೆ ಮಿಶ್ರಣ ಹಂಚೋ ಎರಡು ಅಂತಸ್ತಿನ ಇನ್‌ಟೇಕ್ ಮ್ಯಾನಿಫೋಲ್ಡ್. ಫೈರಿಂಗ್ ಆರ್ಡರ್, ಅಂದ್ರ ಸಿಲಿಂಡರ್ ಬೆಂಕಿ ಹತ್ತೋ ಸರದಿ, 1-8-4-3-6-5-7-2. ಇದರಾಗ ಒಂದು ಬಿಟ್ಟು ಒಂದು ತಗೊಂಡ್ರ 1, 4, 6, 7 ಒಂದು ಗುಂಪು, 8, 3, 5, 2 ಇನ್ನೊಂದು ಗುಂಪು. ಕಾರ್ಬೊರೇಟರ್‌ನ ಒಂದು ಬಾಯಿ ಒಂದು ಗುಂಪಿಗೆ, ಇನ್ನೊಂದು ಬಾಯಿ ಇನ್ನೊಂದಕ್ಕ. ನಿಮ್ಮ ಬಿಳಿ ಪ್ಲಗ್ ನಾಲ್ಕೂ ಒಂದೇ ಗುಂಪಿನವು. ಅಂದ್ರ ಒಂದು ಬಾಯಿಗೆ ಪೆಟ್ರೋಲ್ ಕಮ್ಮಿ ಬರ್ಲಿಕತ್ತದ, ಇಲ್ಲಂದ್ರ ಆ ಅಂತಸ್ತಿನಾಗ ಎಲ್ಲೋ ಕಳ್ಳಗಾಳಿ ಎಳಿಲಿಕತ್ತದ. ಒಂದು ಸ್ಕ್ರೂ ಮಾತು ಕೇಳವಲ್ದು ಅಂದ್ರಲ್ಲ, ಅದೂ ಇದನ್ನೇ ಹೇಳ್ತದ. ಈಗ ಎರಡೂ ಜೆಟ್ ದೊಡ್ಡದು ಮಾಡಿದ್ರ ಬಿಳಿ ಇದ್ದ ನಾಲ್ಕು ಸ್ವಲ್ಪ ಸುಧಾರಿಸ್ತಾವ, ಸರಿ ಇದ್ದ ನಾಲ್ಕು ಕಪ್ಪಾಗ್ತಾವ. ರೋಗ ಹಂಗೇ ಉಳೀತದ.

ಮೊದಲು ಗಾಳಿ ಸೋರಿಕೆ ನೋಡ್ರಿ. ಎಂಜಿನ್ ಐಡ್ಲಿಂಗ್‌ನಾಗ ಇರುವಾಗ ಎಣ್ಣೆ ಕ್ಯಾನ್‌ನಿಂದ ಎಂಜಿನ್ ಆಯಿಲ್ ಅನ್ನ ಮ್ಯಾನಿಫೋಲ್ಡ್ ಪ್ಯಾಕಿಂಗ್ ಗುಂಟ, ಕಾರ್ಬೊರೇಟರ್ ಬುಡದ ಗುಂಟ ಸಣ್ಣಗ ಬಿಡ್ರಿ. ಸೋರೋ ಜಾಗಕ್ಕ ಎಣ್ಣೆ ಬಿದ್ದಾಗ ಐಡ್ಲಿಂಗ್ ಬದಲಾಗ್ತದ. ಪೆಟ್ರೋಲ್ ಚಿಮುಕಿಸಿ ನೋಡೋರು ಅದಾರ, ಬಿಸಿ ಎಗ್ಸಾಸ್ಟ್ ಮ್ಯಾಲ ಬಿದ್ರ ಗಾಡೀನೇ ಸುಡ್ತದ, ಮಾಡಬ್ಯಾಡ್ರಿ. ವ್ಯಾಕ್ಯೂಮ್ ಪೈಪ್ ಒಂದೊಂದನ್ನ ಚಿವುಟಿ ಹಿಡಿದು ಗೇಜ್ ನೋಡ್ರಿ.

ಸೋರಿಕೆ ಇಲ್ಲಂದ್ರ ಕಾರ್ಬೊರೇಟರ್ ಬಿಚ್ಚೋದೇ. 2ಜಿಸಿ ಮ್ಯಾಲಿನ ಮುಚ್ಚಳ ತೆಗೆದ್ರ ಫ್ಲೋಟ್ (ಪೆಟ್ರೋಲ್ ಮ್ಯಾಲ ತೇಲೋ ಡಬ್ಬಿ), ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯೋ ಸೂಜಿ), ಪಂಪ್ ಮತ್ತ ಪವರ್ ಪಿಸ್ಟನ್ (ಜೋರು ಎಳೆಯುವಾಗ ಹೆಚ್ಚು ಪೆಟ್ರೋಲ್ ಬಿಡೋದು) ಅದರ ಜೋಡಿನೇ ಬರ್ತಾವ. ಕೆಳಗ ಪೆಟ್ರೋಲ್ ನಿಲ್ಲೋ ಬೌಲ್‌ನಾಗ ಎರಡು ಹಿತ್ತಾಳಿ ಜೆಟ್ ಕಾಣ್ತಾವ, ಮ್ಯಾಲ ನಂಬರ್ ಇರ್ತದ. ಆ ನಂಬರ್ ಅಂದ್ರ ತೂತಿನ ಅಳತೆ, ಇಂಚಿನ ಸಾವಿರದ ಲೆಕ್ಕದಾಗ: 55 ಅಂದ್ರ 0.055 ಇಂಚು. ಎರಡೂ ನಂಬರ್ ಒಂದೇ ಅವನೋ ಮೊದಲು ಅದನ್ನ ನೋಡ್ರಿ. ಬಿಚ್ಚಲಿಕ್ಕ ಸೀಳಿನ ಪೂರ್ತಿ ಅಗಲಕ್ಕ ಕೂಡೋ ಸ್ಕ್ರೂಡ್ರೈವರ್ ಬೇಕು, ಇಲ್ಲಂದ್ರ ತುಟಿ ಹರಿದು ಹೋಗ್ತದ.

ನಡುವ ಇರೋದು ವೆಂಚುರಿ ಕ್ಲಸ್ಟರ್, ಮೂರು ಸ್ಕ್ರೂ. ನಡುವಿನ ಸ್ಕ್ರೂ ಬ್ಯಾರೆ ತರದ್ದು, ಅದಕ್ಕ ಸಣ್ಣ ವಾಷರ್ ಇರ್ತದ, ಜಾಗ ಅದಲು ಬದಲು ಮಾಡಬ್ಯಾಡ್ರಿ. ಕ್ಲಸ್ಟರ್ ಎತ್ತಿದ್ರ ಕೆಳಗ ಜೋತಾಡೋ ತೆಳು ಹಿತ್ತಾಳಿ ನಳಿಗಿ ಕಾಣ್ತಾವಲ್ಲ, ಅವು ಐಡಲ್ ಟ್ಯೂಬ್. ತುದಿ ತೂತು ಬಹಳ ಸಣ್ಣದು. ನಮ್ಮ ಕಡಿ ಕೆಂಪು ಧೂಳು ಬೌಲ್ ಸೇರಿ ಪೆಟ್ರೋಲ್ ಆರಿದಾಗ ಅಲ್ಲೇ ಗಟ್ಟಿ ಕೂಡ್ತದ. ಕರೆಂಟ್ ವೈರಿನ ಒಂದೇ ಎಳಿ ತಾಮ್ರದ ತಂತಿ ತೂರಿಸಿ ಬಿಡಸ್ರಿ. ಉಕ್ಕಿನ ಸೂಜಿ, ಪಿನ್ನು ಯಾವುದೂ ಬ್ಯಾಡ, ತೂತು ಅಗಲಾದ್ರ ಹೊಸ ಕ್ಲಸ್ಟರ್ ಹುಡುಕಬೇಕಾಗ್ತದ. ನಳಿಗಿನ ಕ್ಲಸ್ಟರ್‌ನಿಂದ ಕೀಳಲಿಕ್ಕ ಹೋಗಬ್ಯಾಡ್ರಿ, ಅವು ಒತ್ತಿ ಕೂಡಿಸಿದ್ದು.

---

ಹೊಸಪೇಟೆ_ಟಾಪ್‌ಗೇರ್:

ಇಷ್ಟೆಲ್ಲಾ ಒದ್ದಾಟ ಯಾಕೆ ಸರ್? ಎಡೆಲ್‌ಬ್ರಾಕ್ 1406 ನಾಲ್ಕು ಬಾಯಿಯ ಕಾರ್ಬೊರೇಟರ್ ತರಿಸಿ, 600 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ), ಎಲೆಕ್ಟ್ರಿಕ್ ಚೋಕ್, ಹಳೇ ಕಾರ್ಟರ್ ಎಎಫ್‌ಬಿ ಮಾದರಿಯದೇ. ಜೆಟ್ ತೂತಿನಲ್ಲಿ ಕೂತು ಪೆಟ್ರೋಲ್ ಅಳೆಯೋ ಮೀಟರಿಂಗ್ ರಾಡ್ ಅನ್ನು ಮೇಲಿಂದಲೇ ಬದಲಿಸಬಹುದು, ಮುಚ್ಚಳ ಬಿಚ್ಚೋ ಕೆಲಸ ಇಲ್ಲ. ಟ್ಯೂನಿಂಗ್ ಸುಲಭ.

---

ಕುಷ್ಟಗಿ_ಲೇಥ್:

ರಾಡ್ ಬದಲಿಸೋದು ಸುಲಭ ಅನ್ನೋದು ಖರೇನ. ಆದ್ರ ಲೆಕ್ಕ ಹಾಕಿ ನೋಡ್ರಿ. ಕ್ಯೂಬಿಕ್ ಇಂಚನ್ನ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದ್ರ ಎಂಜಿನ್ ನುಂಗೋ ಗಾಳಿ ಬರ್ತೈತಿ. 283ನ್ನ 4500ರಿಂದ ಗುಣಿಸಿ ಭಾಗಿಸಿದ್ರ 368. ಹಳೇ ಎಂಜಿನ್ ಪೂರ್ತಿ ತುಂಬಿಕೊಳ್ಳೂದಿಲ್ಲ, ನೂರಕ್ಕ 85 ಹಿಡೀರಿ: 313 ಸಿಎಫ್‌ಎಂ. ಇದು 170 ಹಾರ್ಸ್‌ಪವರ್‌ನ ಎರಡು ಬಾಯಿ ಎಂಜಿನ್, ರೇಸಿನದಲ್ಲ. ಇನ್ನೊಂದು ಮಾತು: ನಾಲ್ಕು ಬಾಯಿಯವನ್ನ ಒಂದೂವರೆ ಇಂಚು ಪಾದರಸದ ಎಳೆತಕ್ಕ ಅಳೀತಾರ, ಎರಡು ಬಾಯಿಯವನ್ನ ಮೂರು ಇಂಚಿಗೆ. ಎರಡರ ನಂಬರ್ ನೇರ ಹೋಲಿಸಬಾರದು. ಮ್ಯಾನಿಫೋಲ್ಡೂ ಎರಡು ಬಾಯಿದು, ಅಡಾಪ್ಟರ್ ಮ್ಯಾಲ ನಾಲ್ಕು ಬಾಯಿ ಕೂಡಿಸಿದ್ರ ಕಡೀಗೆ ಅದ ಎರಡು ತೂತಿನಿಂದ ಗಾಳಿ ಹೋಗಬೇಕು. ದುಡ್ಡು ದಂಡ. 2ಜಿಸಿ ಈ ಎಂಜಿನ್ನಿಗೆ ಸಾಕು, ಅದನ್ನ ನೆಟ್ಟಗ ಮಾಡ್ರಿ.

ಬಿಚ್ಚಿದಾಗ ನಾಲ್ಕು ಜಾಗ ಅಳತಿ ಮಾಡಿ ನೋಡ್ರಿ.

ಥ್ರಾಟಲ್ ಶಾಫ್ಟ್. ಹಿಡಿದು ಮ್ಯಾಲ ಕೆಳಗ ಅಲುಗಾಡಿಸ್ರಿ. ಡಯಲ್ ಗೇಜ್‌ನ್ಯಾಗ 0.2 ಎಂಎಂ ದಾಟಿ ಆಡಿದ್ರ ಅಲ್ಲಿಂದ ಗಾಳಿ ಎಳಿತೈತಿ, ಐಡ್ಲಿಂಗ್ ಎಂದೂ ನಿಲ್ಲೂದಿಲ್ಲ. ಹಿತ್ತಾಳಿ ಬುಷ್ ಹಾಕಿಸ್ರಿ, ಆದ್ರ ಎರಡೂ ಬದಿ ಬುಷ್ ಒಂದೇ ಗೆರಿಯೊಳಗ ರೀಮ್ ಆಗಬೇಕು, ಒಂದೊಂದಾಗಿ ಹೊಡದ್ರ ಶಾಫ್ಟ್ ಬಿಗಿ ಹಿಡಿತೈತಿ. ಚಿಟ್ಟೆ ಪ್ಲೇಟಿನ ಸಣ್ಣ ಸ್ಕ್ರೂಗಳ ಹಿಂದಿನ ತುದಿ ಚಪ್ಪಟಿ ಬಡಿದಿರ್ತೈತಿ, ಅದನ್ನ ಫೈಲ್ ಹಾಕಿ ತೆಗೆದ ಮ್ಯಾಲೇ ತಿರುಗಿಸ್ರಿ. ವಾಪಸ್ ಹಾಕುವಾಗ ಹೊಸ ಸ್ಕ್ರೂ, ಥ್ರೆಡ್ ಲಾಕ್, ಆಮ್ಯಾಲ ತುದಿ ಮತ್ತ ಬಡೀಬೇಕು. ಆ ಸ್ಕ್ರೂ ಒಂದು ಬಿಚ್ಚಿ ಬಿದ್ರ ಸೀದಾ ಸಿಲಿಂಡರ್‌ಗೆ ಹೋಗ್ತೈತಿ.

ಮುಚ್ಚಳ. ಇದು ಸತುವಿನ ಎರಕ, ಬಿಗಿ ಮಾಡಿ ಮಾಡಿ ಮೂಲಿ ಬಗ್ಗಿರ್ತೈತಿ. ನೇರ ಪಟ್ಟಿ ಇಟ್ಟು 0.010 ಇಂಚಿನ ಫೀಲರ್ ತೂರಿದ್ರ ಉಜ್ಜಬೇಕು. ಇಳಕಲ್–ಕುಷ್ಟಗಿ ಕಡಿ ಪಾಲಿಶ್ ಗ್ರಾನೈಟ್ ತುಂಡು ಒಂದು ಅಡಿ ಉದ್ದಂದು ಸಿಕ್ರ ಸಾಕು, ಅದರ ಮ್ಯಾಲ 220 ನಂಬರ್ ಎಮರಿ ಪೇಪರ್ ಹಾಸಿ, ಸೀಮೆಎಣ್ಣಿ ಹಚ್ಚಿ, 8ರ ಆಕಾರದಾಗ ತಿರುಗಿಸಿ ಉಜ್ಜರಿ. ಮೊದಲು ಮಾರ್ಕರ್‌ನಿಂದ ಗೀರು ಹಾಕಿಕೊಳ್ಳ್ರಿ, ಗೀರು ಎಲ್ಲಾ ಕಡೆ ಅಳಿಸಿದಾಗ ನಿಲ್ಲಸ್ರಿ. ಪ್ಯಾಕಿಂಗ್‌ಗೆ ಸಿಲಿಕಾನ್ ಹಚ್ಚಬ್ಯಾಡ್ರಿ, ಪೆಟ್ರೋಲ್‌ನ್ಯಾಗ ಕಳಚಿ ಜೆಟ್ಟಿಗೆ ಸಿಗ್ತೈತಿ.

ಫ್ಲೋಟ್. ಬಿಸಿ ನೀರಾಗ ಮುಳುಗಿಸ್ರಿ, ಗುಳ್ಳಿ ಬಂದ್ರ ತೂತು. ಬೆಸುಗಿ ಹಾಕೂಕಿಂತ ಮೊದಲು ಒಳಗಿನ ಪೆಟ್ರೋಲ್ ಪೂರ್ತಿ ಹೊರಗ ಹೋಗಬೇಕು, ಇಲ್ಲಾಂದ್ರ ಕೈಯಾಗೇ ಸಿಡಿತೈತಿ. ಬೆಸುಗಿ ಹನಿ ಜಾಸ್ತಿ ಆದ್ರ ತೂಕ ಏರಿ ಲೆವೆಲ್ ಕೆಡತೈತಿ. ಅಕ್ಕಸಾಲಿಗರ ತಕ್ಕಡ್ಯಾಗ ಮೊದಲಿನ ತೂಕ, ಆಮ್ಯಾಲಿನ ತೂಕ ನೋಡ್ಕೊಳ್ಳ್ರಿ. ಲೆವೆಲ್ ಮತ್ತ ಇಳಿತ ಎಷ್ಟಂತ ನಿಮ್ಮ ಕಾರ್ಬೊರೇಟರ್ ಟ್ಯಾಗ್ ನಂಬರಿನ ಪ್ರಕಾರ ಕಿಟ್ ಕಾಗದದಾಗ ಇರ್ತೈತಿ. ಪ್ಯಾಕಿಂಗ್ ಜಾಗದಾಗ ಇಟ್ಟೇ ಅಳೀರಿ.

ಪವರ್ ಪಿಸ್ಟನ್. ಬೆರಳಿನಿಂದ ಒತ್ತಿ ಬಿಟ್ರ ಟಕ್ಕಂತ ವಾಪಸ್ ಬರಬೇಕು. ಮ್ಯಾಲ ಸಿಕ್ಕೊಂಡ್ರ ಏರಿನ್ಯಾಗ ಎಳೆಯೂದಿಲ್ಲ, ಕೆಳಗ ಸಿಕ್ಕೊಂಡ್ರ ಸದಾ ಕಪ್ಪು ಹೊಗಿ.

ತೊಳಿಲಿಕ್ಕ ಕಾರ್ಬೊರೇಟರ್ ಕ್ಲೀನರ್, ಇಲ್ಲಾ ಸೀಮೆಎಣ್ಣಿ, ಥಿನ್ನರ್. ಹಿತ್ತಾಳಿ ಹೊಳಿಲಿ ಅಂತ ಹುಣಸಿಹಣ್ಣು, ಎಣ್ಣಿ ಹೋಗಲಿ ಅಂತ ಕಾಸ್ಟಿಕ್ ಸೋಡಾ ಹಾಕಿದ್ರ ಸತುವಿನ ಬಾಡಿ ತಿಂದು ಹಾಕ್ತಾವು. ಏರ್ ಹೊಡೆಯೋದು ಪೂರ್ತಿ ಬಿಚ್ಚಿದ ಮ್ಯಾಲ ಮಾತ್ರ. ಜೋಡಿಸಿದ ಕಾರ್ಬೊರೇಟರ್‌ಗೆ ಏರ್ ಹೊಡದ್ರ ಹಿತ್ತಾಳಿ ಫ್ಲೋಟ್ ಅಪ್ಪಚ್ಚಿ ಆಗ್ತೈತಿ.

---

ರಾಯಚೂರು_ವೆಂಚುರಿ:

ಮುಗ್ಗರಿಸೋದರ ಬಗ್ಗೆ ಬಿಟ್ಟಿದ್ದೆ. ಎಂಜಿನ್ ಬಂದ್ ಮಾಡಿ, ಏರ್ ಕ್ಲೀನರ್ ತೆಗೆದು, ಟಾರ್ಚ್ ಹಿಡಿದು ಥ್ರಾಟಲ್ ಕೈಲೆ ಸ್ವಲ್ಪ ಅಲುಗಾಡಿಸ್ರಿ. ಲಿಂಕ್ ಕದಲಿದ ಕೂಡ್ಲೇ ಎರಡೂ ಬಾಯಾಗ ಸಮ ದಪ್ಪದ ಧಾರಿ ಬೀಳಬೇಕು. ತಡ ಆಗಿ ಬಿದ್ರ, ತೊಟ್ಟಿಕ್ಕಿದ್ರ ಪಂಪ್ ಕಪ್ ಸತ್ತದ. ಹಳೇ ಚರ್ಮದ ಕಪ್ ಒಣಗಿ ಗಟ್ಟಿ ಆಗ್ತದ, ವಿಟಾನ್ ರಬ್ಬರ್ ಕಪ್ ಇರೋ ಕಿಟ್ ತರಸ್ರಿ. ಪಂಪ್ ಬಾವಿ ತಳದಾಗ ಹಗುರ ಅಲ್ಯುಮಿನಿಯಂ ಗುಂಡು, ಕ್ಲಸ್ಟರ್ ಕೆಳಗ ಉಕ್ಕಿನ ಗುಂಡು, ಅದರ ಮ್ಯಾಲ ಸ್ಪ್ರಿಂಗ್, ಟಿ ಆಕಾರದ ಕ್ಲಿಪ್. ಬಾಡಿ ತಲೆಕೆಳಗ ಮಾಡಿದ್ರ ಇವು ಉರುಳಿ ಹೋಗ್ತಾವ, ಬಿಳಿ ಬಟ್ಟಿ ಹಾಸಿ ಕೂಡ್ರಿ.

---

ಕೌಲ್‌ಬಜಾರ್_283:

ಬಿಚ್ಚಿ ನೋಡಿ ಆಯ್ತು. ಒಂದು ಜೆಟ್ 55, ಇನ್ನೊಂದು 52! 52 ಇದ್ದ ಕಡೆಯ ಐಡಲ್ ಟ್ಯೂಬ್ ಕೆಂಪು ಮಣ್ಣು ಕೂತು ಪೂರ್ತಿ ಮುಚ್ಚಿತ್ತು. ಶಾಫ್ಟ್ 0.3 ಎಂಎಂ ಆಡ್ತಿತ್ತು, ಬುಷ್ ಹಾಕಿಸಿದೆ. ಹೊಸ ಕಿಟ್, ಎರಡೂ ಕಡೆ 55. ಈಗ ಎರಡೂ ಸ್ಕ್ರೂ ಕೇಳ್ತವೆ, ವ್ಯಾಕ್ಯೂಮ್ 17.5ರಲ್ಲಿ ಅಲುಗದೆ ನಿಂತಿದೆ, ಮುಗ್ಗರಿಸೋದು ಹೋಯ್ತು. ಆದ್ರೆ 70–80ರಲ್ಲಿ ಇನ್ನೂ ಸ್ವಲ್ಪ ಜಗ್ಗಾಟ ಇದೆ, ಎಂಟೂ ಪ್ಲಗ್ ಈಗ ಒಂದೇ ಬಣ್ಣ, ಆದ್ರೆ ತುಸು ಬಿಳಿ ಕಡೆಗೇ. ಬಿಸಿಲಲ್ಲಿ ನಿಲ್ಲಿಸಿದ್ರೆ ಸ್ಟಾರ್ಟ್ ತೊಂದರೆ ಹಾಗೇ ಇದೆ.

---

ಕೋಟೆಕೆಳಗೆ_ಟ್ಯೂನರ್ (ಬಳ್ಳಾರಿ):

52 ಮತ್ತು 55ರ ನಡುವೆ ಮೂರೇ ಅಂಕಿ ವ್ಯತ್ಯಾಸ ಅನಿಸಬಹುದು. ಹರಿಯುವುದು ತೂತಿನ ವಿಸ್ತೀರ್ಣದ ಲೆಕ್ಕದಲ್ಲಿ, ಅಂದರೆ ವ್ಯಾಸದ ವರ್ಗದಲ್ಲಿ. ಹಾಗೆ ನೋಡಿದರೆ ಆ ಬಾಯಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪೆಟ್ರೋಲ್ ಕೊರತೆ ಇತ್ತು. ಉಳಿದಿರುವ ಎರಡು ತೊಂದರೆಗಳ ಬೇರು ಈಗಿನ ಪೆಟ್ರೋಲ್ ಮತ್ತು ನಮ್ಮೂರಿನ ಬಿಸಿಲು.

ಈ ಕಾರ್ಬೊರೇಟರ್ ಮಾಡಿದ ಕಾಲದ ಪೆಟ್ರೋಲ್‌ನಲ್ಲಿ ಎಥೆನಾಲ್ ಇರಲಿಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಎಥೆನಾಲ್ ಬೆರೆತ ಇ20. ಶುದ್ಧ ಪೆಟ್ರೋಲ್‌ಗೆ 1 ಕೆಜಿಗೆ 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಗಾಳಿ ಅಷ್ಟೇ ಇರುವಾಗ ಪೆಟ್ರೋಲ್ ತೂಕದಲ್ಲಿ ಸುಮಾರು 9 ಪ್ರತಿಶತ, ಇ20 ತುಸು ಭಾರವಾದ್ದರಿಂದ ಲೀಟರ್ ಲೆಕ್ಕದಲ್ಲಿ 7ರಿಂದ 8 ಪ್ರತಿಶತ ಹೆಚ್ಚು ಹೋಗಬೇಕು ಎಂದರ್ಥ. ನಿಮ್ಮ 55ಕ್ಕೆ ಈ ಲೆಕ್ಕ ಹಾಕಿ: 57ರ ವರ್ಗ 3249, 55ರ ವರ್ಗ 3025. ವ್ಯತ್ಯಾಸ 7.4 ಪ್ರತಿಶತ. ಅಂದರೆ 57 ಜೆಟ್ ಹಾಕಿದರೆ ಸರಿಹೋಗುತ್ತದೆ, 60ಕ್ಕೆ ಹಾರುವ ಅಗತ್ಯವೇ ಇಲ್ಲ. ಮೊದಲೇ ಜೆಟ್ ದೊಡ್ಡದು ಮಾಡಿದ್ದರೆ ಈ ಲೆಕ್ಕ ಸಿಗುತ್ತಲೇ ಇರಲಿಲ್ಲ.

ಜೆಟ್ ಕೊಂಡು ತರಿಸುವುದೇ ಉತ್ತಮ. ಸಿಗದಿದ್ದರೆ 1.45 ಎಂಎಂ ಡ್ರಿಲ್ ಬಿಟ್ ಎಂದರೆ 0.0571 ಇಂಚು, ಸರಿಯಾಗಿ 57. (1.40 ಎಂದರೆ 55.) ಪವರ್ ಡ್ರಿಲ್‌ಗೆ ಹಾಕಬೇಡಿ. ಸಣ್ಣ ಬಿಟ್ ಹಿಡಿಯುವ ಕೈಸಾಧನ ಪಿನ್ ವೈಸ್‌ನಲ್ಲಿ ಹಿಡಿದು ಬೆರಳಿನಿಂದ ನಿಧಾನ ತಿರುಗಿಸಿ, ನಡುನಡುವೆ ಚೂರು ಊದಿ. ತೂತಿನ ಎರಡೂ ಬದಿಯ ಇಳಿಜಾರಿನ ಅಂಚು ಹಾಳಾದರೆ ಅಳತೆ ಸರಿ ಇದ್ದರೂ ಹರಿವು ಬದಲಾಗುತ್ತದೆ. ಅಂಚಿನಲ್ಲಿ ಉಗುರಿಗೆ ತಾಗುವ ಲೋಹದ ಮುಳ್ಳು ಉಳಿಯಬಾರದು. ಎರಡು ಜೆಟ್‌ಗಳ ಹರಿವು ಸಮ ಇದೆಯೇ ಎಂದು ನೋಡಲು ಒಂದೇ ಎತ್ತರದ ಪೆಟ್ರೋಲ್ ಕಂಬದಿಂದ 100 ಎಂಎಲ್ ಇಳಿಯಲು ಎಷ್ಟು ಸೆಕೆಂಡ್ ಎಂದು ಎರಡಕ್ಕೂ ಎಣಿಸಿ. ಬಯಲಿನಲ್ಲಿ ಮಾಡಿ, ಹತ್ತಿರ ಬೆಂಕಿ ಇರಬಾರದು.

ಐಡ್ಲಿಂಗೂ ಇದೇ ಕಾರಣಕ್ಕೆ ಸ್ಕ್ರೂ ಹೆಚ್ಚು ಬಿಚ್ಚುವುದನ್ನು ಕೇಳುತ್ತದೆ. ಒಂದೂವರೆ ಸುತ್ತಿನಿಂದ ಶುರು ಮಾಡಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಚೋಕ್ ಪೂರ್ತಿ ತೆರೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಕೂತು ಡ್ರೈವ್‌ನಲ್ಲಿ 500 ಆರ್‌ಪಿಎಂ ಹತ್ತಿರ ಇಡಿ. ಒಂದು ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ ವ್ಯಾಕ್ಯೂಮ್ ಅತಿ ಹೆಚ್ಚು ಬರುವ ಜಾಗ ಹುಡುಕಿ, ಆಮೇಲೆ ಇನ್ನೊಂದು, ಮತ್ತೆ ಮೊದಲನೆಯದು. ವೇಗ ಏರಿದರೆ ಸ್ಟಾಪ್ ಸ್ಕ್ರೂ ಇಳಿಸಿ. ಇ20ನಲ್ಲಿ ಎರಡು ಸುತ್ತಿನ ಆಸುಪಾಸಿಗೆ ನಿಂತರೆ ಗಾಬರಿ ಬೇಡ. ಎರಡೂ ಸ್ಕ್ರೂಗಳ ನಡುವೆ ಅರ್ಧ ಸುತ್ತಿಗಿಂತ ಹೆಚ್ಚು ಅಂತರ ಬಂದರೆ ಮಾತ್ರ ಒಂದು ಬಾಯಲ್ಲಿ ಇನ್ನೂ ಕಸ ಇದೆ ಎಂದುಕೊಳ್ಳಿ. ಗೇಜ್ 20 ತೋರಿಸಬೇಕು ಎಂದು ಕಾಯಬೇಡಿ. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ, ಬಳ್ಳಾರಿಗೆ 17.5 ಒಳ್ಳೆಯದೇ.

ಇನ್ನು ಬಿಸಿ. ನಿಲ್ಲಿಸಿದ ಮೇಲೆ ಫ್ಯಾನ್ ಇಲ್ಲ, ನೀರಿನ ಓಡಾಟ ಇಲ್ಲ, ಎಂಜಿನ್ನಿನ ಕಾವೆಲ್ಲ ಹದಿನೈದು ಇಪ್ಪತ್ತು ನಿಮಿಷ ಮೇಲಕ್ಕೇ ಏರುತ್ತದೆ. ಬೌಲ್‌ನಲ್ಲಿ ಪೆಟ್ರೋಲ್ ಕುದಿದು ನಳಿಕೆಯಿಂದ ಮ್ಯಾನಿಫೋಲ್ಡ್‌ಗೆ ತೊಟ್ಟಿಕ್ಕುತ್ತದೆ. ನಿಮ್ಮ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಎರಡೂ ಇದೇ. ಖಚಿತ ಮಾಡಿಕೊಳ್ಳಲು ನಿಲ್ಲಿಸಿದ ಹತ್ತು ನಿಮಿಷಕ್ಕೆ ಟಾರ್ಚ್ ಹಾಕಿ ಬಾಯೊಳಗೆ ನೋಡಿ. ಹನಿ ಬೀಳುತ್ತಿದ್ದರೆ ಕುದಿತ. ಹನಿ ಇಲ್ಲದೆ, ಥ್ರಾಟಲ್ ಅಲುಗಾಡಿಸಿದರೂ ಧಾರೆ ಬರದಿದ್ದರೆ ಬೌಲ್ ಖಾಲಿ, ಅದು ಪೈಪಿನ ಆವಿ ತಡೆ (ಪೈಪಿನಲ್ಲಿ ಆವಿ ಕಟ್ಟಿ ಪೆಟ್ರೋಲ್ ಬರದಿರುವುದು), ಮದ್ದು ಬೇರೆ.

ಕುದಿತಕ್ಕೆ ಮೊದಲು ನೋಡಬೇಕಾದ್ದು ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಾಯಲ್ಲಿರುವ ಹೀಟ್ ರೈಸರ್ ವಾಲ್ವ್. ಚಳಿ ದೇಶದಲ್ಲಿ ಎಂಜಿನ್ ಬೇಗ ಕಾಯಲಿ ಎಂದು ಇಟ್ಟಿದ್ದು. ಅದು ತುಕ್ಕು ಹಿಡಿದು ಮುಚ್ಚಿಕೊಂಡರೆ ಆ ಬದಿಯ ಬಿಸಿ ಹೊಗೆಯೆಲ್ಲ ಕಾರ್ಬೊರೇಟರ್ ಕೆಳಗಿನ ದಾರಿಯಲ್ಲೇ ಹಾಯುತ್ತದೆ. ಗಾಡಿ ಆರಿದ ಮೇಲೆ ಅದರ ತೂಕದ ಗುಂಡನ್ನು ಕೈಯಿಂದ ತಿರುಗಿಸಿ ನೋಡಿ. ಅಲುಗದಿದ್ದರೆ ಸೀಮೆಎಣ್ಣೆ ಬಿಟ್ಟು ಮೆಲ್ಲಗೆ ತಟ್ಟಿ ಬಿಡಿಸಿ, ತೆರೆದ ಸ್ಥಿತಿಯಲ್ಲಿ ತಂತಿಯಿಂದ ಕಟ್ಟಿಬಿಡಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿಗೆ ಅದರ ಕೆಲಸವೇ ಇಲ್ಲ. ಮ್ಯಾನಿಫೋಲ್ಡ್ ಎಂದಾದರೂ ಎತ್ತಿದರೆ ನಡುವಿನ ಹೊಗೆ ದಾರಿಗೆ ಪ್ಯಾಕಿಂಗ್ ಕೆಳಗೆ ಅರ್ಧ ಎಂಎಂ ಸ್ಟೇನ್‌ಲೆಸ್ ತಗಡು ಕತ್ತರಿಸಿ ಹಾಕಿ. ಬೆಳಿಗ್ಗೆ ಕಾಯಲು ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಎರಡನೆಯದು ಕಾರ್ಬೊರೇಟರ್ ಬುಡಕ್ಕೆ 12 ಎಂಎಂ ಹೈಲಂ (ಕಾವು ಸುಲಭವಾಗಿ ಸಾಗದ ಗಟ್ಟಿ ರಾಳದ) ಹಲಗೆಯ ತಡೆ. ಬುಡದ ಪ್ಯಾಕಿಂಗ್ ಅಚ್ಚು ಇಟ್ಟು ಕತ್ತರಿಸಿ, ಬಾಯಿಯ ತೂತು ಥ್ರಾಟಲ್ ವ್ಯಾಸಕ್ಕಿಂತ ಅರ್ಧ ಎಂಎಂ ದೊಡ್ಡದಿರಲಿ, ಚಿಟ್ಟೆ ಪ್ಲೇಟ್ ತಾಗಬಾರದು. ಮೇಲೊಂದು ಕೆಳಗೊಂದು ಪ್ಯಾಕಿಂಗ್, ಉದ್ದ ಸ್ಟಡ್. ಕಾರ್ಬೊರೇಟರ್ 12 ಎಂಎಂ ಮೇಲೇರುವುದರಿಂದ ಥ್ರಾಟಲ್ ರಾಡ್, ಪವರ್‌ಗ್ಲೈಡ್‌ಗೆ ಹೋಗುವ ರಾಡ್, ಚೋಕ್‌ನ ಬಿಸಿಗಾಳಿ ನಳಿಕೆ ಮೂರನ್ನೂ ಮತ್ತೆ ಹೊಂದಿಸಬೇಕು. ಬಾನೆಟ್ ತಾಗುತ್ತದೆಯೇ ಎಂದು ಏರ್ ಕ್ಲೀನರ್ ಮೇಲೆ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಹಾಕಿ ತೆಗೆದು ನೋಡಿ.

ಪೈಪ್ ವಿಷಯ: ರಬ್ಬರ್ ಪೈಪ್ ಮೇಲೆ 30ಆರ್9 ಎಂದು ಅಚ್ಚಿರುವುದನ್ನೇ ಹಾಕಿ, ಮಾಮೂಲಿ ಪೈಪ್ ಇ20ನಲ್ಲಿ ಒಳಗೊಳಗೇ ಪುಡಿಯಾಗುತ್ತದೆ. ಸಣ್ಣ ಜಾಲರಿಯ ಫಿಲ್ಟರ್ ಪಂಪ್ ಮತ್ತು ಕಾರ್ಬೊರೇಟರ್ ನಡುವೆ ಇರಲಿ, ಲೋಹದ ಡಬ್ಬಿಯದು. ಟ್ಯಾಂಕ್ ಮತ್ತು ಪಂಪ್ ನಡುವೆ ಅದನ್ನು ಹಾಕಿದರೆ ಪಂಪ್ ಎಳೆಯುವಾಗ ಒತ್ತಡ ಕುಸಿದು ಆವಿ ಬೇಗ ಕಟ್ಟುತ್ತದೆ. ಪಂಪ್ ಒತ್ತಡವನ್ನೂ ಒಮ್ಮೆ ಅಳೆಯಿರಿ. 7 ಪಿಎಸ್‌ಐ ದಾಟಿದರೆ ನೀಡಲ್ ತಡೆಯುವುದಿಲ್ಲ, ಎಷ್ಟು ಲೆವೆಲ್ ಹೊಂದಿಸಿದರೂ ತುಂಬಿ ಹರಿಯುತ್ತದೆ.

ಅಲ್ಲಿಯವರೆಗೆ ಬಿಸಿ ಸ್ಟಾರ್ಟ್‌ಗೆ: ಪೆಡಲ್ ಪಂಪ್ ಮಾಡಬೇಡಿ. ನಿಧಾನವಾಗಿ ನೆಲದವರೆಗೆ ಒತ್ತಿ ಅಲ್ಲೇ ಹಿಡಿದು ಸೆಲ್ಫ್ ಹೊಡೆಯಿರಿ, ಹಿಡಿದ ಕೂಡಲೇ ಬಿಡಿ.

---

ರಾಯಚೂರು_ವೆಂಚುರಿ:

ಒಂದು ಸೇರಿಸ್ತೀನಿ. 57 ಹಾಕಿದ ಮ್ಯಾಲ ಬರೀ ಪ್ಲಗ್ ಬಣ್ಣ ನಂಬಬ್ಯಾಡ್ರಿ, ಈಗಿನ ಪೆಟ್ರೋಲ್‌ಗೆ ಬಣ್ಣ ಸರಿಯಾಗಿ ಕೂಡೋದಿಲ್ಲ. ವೈಡ್‌ಬ್ಯಾಂಡ್ ಸೆನ್ಸರ್ ಗೇಜ್ (ಹೊಗ್ಯಾಗಿನ ಆಕ್ಸಿಜನ್ ಅಳೆಯೋದು) ಯಾರ ಹತ್ರಾದ್ರೂ ಸಿಕ್ರ ಎಗ್ಸಾಸ್ಟ್ ಪೈಪಿಗೆ ಸಾಕೆಟ್ ಬೆಸೀರಿ, ಸೆನ್ಸರ್ ಅಡ್ಡ ಗೆರಿಗಿಂತ 10 ಡಿಗ್ರಿಗೂ ಹೆಚ್ಚು ಮ್ಯಾಲ ಮುಖ ಮಾಡಿರಲಿ, ನೀರು ನಿಲ್ಲಬಾರದು. ಗೇಜ್‌ನಾಗ ಲ್ಯಾಂಬ್ಡಾ ಓದ್ರಿ: 1.0 ಅಂದ್ರ ಗಾಳಿ-ಪೆಟ್ರೋಲ್ ಅಳತಿ ಸರಿ, ಅದಕ್ಕಿಂತ ಕಮ್ಮಿ ಅಂದ್ರ ಪೆಟ್ರೋಲ್ ಹೆಚ್ಚು. 80ರಾಗ ಸಮ ವೇಗಕ್ಕ 1.0 ಹತ್ತಿರ, ಪೂರ್ತಿ ಪೆಡಲ್‌ಗೆ 0.87 ಹತ್ತಿರ. ಸಮ ವೇಗ ಸರಿ ಇದ್ದು ಪೂರ್ತಿ ಪೆಡಲ್‌ನಾಗ ಮಾತ್ರ ಬಡವಾದ್ರ (ಪೆಟ್ರೋಲ್ ಕಮ್ಮಿ ಆದ್ರ) ಜೆಟ್ ಮುಟ್ಟಬ್ಯಾಡ್ರಿ, ಪವರ್ ಪಿಸ್ಟನ್ ಒತ್ತಿ ತೆರೆಯೋ ಪವರ್ ವಾಲ್ವ್ ನೋಡ್ರಿ.

ಮತ್ತ ಏರ್ ಕ್ಲೀನರ್ ಬುಡದ ರಬ್ಬರ್ ರಿಂಗ್ ಹೊಸದು ಹಾಕ್ರಿ. ಬೌಲ್ ಉಸಿರಾಡೋದು ಏರ್ ಕ್ಲೀನರ್ ಒಳಗಿಂದಲೇ. ತೋರಣಗಲ್ಲು ಕಡಿ ಅದಿರು ಲಾರಿ ಹಿಂದ ಹೋಗುವಾಗ ಆ ಸಂದಿನಾಗ ಬರೋ ಧೂಳೇ ನಿಮ್ಮ ಐಡಲ್ ಟ್ಯೂಬ್ ಮುಚ್ಚಿದ್ದು.

---

ಕೌಲ್‌ಬಜಾರ್_283:

ಹೀಟ್ ರೈಸರ್ ನೋಡಿದೆ, ಮುಚ್ಚಿಕೊಂಡೇ ತುಕ್ಕು ಹಿಡಿದಿದೆ. ಎರಡು ದಿನದಿಂದ ಸೀಮೆಎಣ್ಣೆ ಬಿಡ್ತಿದ್ದೀನಿ, ಈಗ ಕಾಲು ಭಾಗ ಅಲುಗ್ತದೆ. 57 ಜೆಟ್ ಆರ್ಡರ್ ಹಾಕಿದೆ. ಚೋಕ್ ಎಷ್ಟು ಗೀಟು ಸಡಿಲ ಇಡ್ಲಿ?

---

ಕೋಟೆಕೆಳಗೆ_ಟ್ಯೂನರ್:

ಈಗಿರುವ ಗುರುತಿನಿಂದ ಬಡ ಮಿಶ್ರಣದ ಕಡೆಗೆ ಎರಡು ಗೀಟು. ಅದಕ್ಕೂ ಮೊದಲು ಚೋಕ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಮಸಿ ಇದೆಯೇ ನೋಡಿ. ಮಸಿ ಇದ್ದರೆ ಬಿಸಿಗಾಳಿ ನಳಿಕೆ ತೂತಾಗಿ ಹೊಗೆ ಎಳೆಯುತ್ತಿದೆ, ನಳಿಕೆ ಬದಲಿಸದೆ ಗೀಟು ಎಲ್ಲಿಟ್ಟರೂ ಚೋಕ್ ಅರ್ಧಕ್ಕೇ ನಿಲ್ಲುತ್ತದೆ.